ಕೆಲಸ ಬಿಡ್ಬೇಕು ಅನ್ಸಿದ್ಯಾ? ಮೊದ್ಲು ಕ್ಯಾಲೆಂಡರ್ ನೋಡಿ

ಪೀಣ್ಯದ ಒಂದು ಫ್ಯಾಕ್ಟರಿಲಿ ನಾಲ್ಕು ವರ್ಷ ಐದು ತಿಂಗಳು ಅಕೌಂಟ್ಸ್ ನೋಡ್ಕೊಂಡಿದ್ದೆ, ಒಂದು ಶುಕ್ರವಾರ ಸಾಯಂಕಾಲ ಬಿಟ್ಟು ಬಂದೆ. ಕಾರಣ ಹೇಳೋಕೆ ಈಗ ನಾಚಿಕೆ ಆಗುತ್ತೆ. ಒಂದು ವೋಚರ್ ಕಾಣೆಯಾಗಿತ್ತು, ಮ್ಯಾನೇಜರ್ ಎಲ್ಲರ ಮುಂದೆ "ನಿಮ್ಮಂಥೋರು ಬೀದಿಗೆ ನೂರು ಜನ ಸಿಗ್ತಾರೆ ಕಣ್ರೀ" ಅಂದ್ರು, ನಾನು ಕಂಪ್ಯೂಟರ್ ಆಫ್ ಮಾಡಿ ಟಿಫನ್ ಬಾಕ್ಸ್ ಎತ್ಕೊಂಡು ನೆಟ್ಟಗೆ ಬಸ್ ಸ್ಟಾಪಿಗೆ ಬಂದ್ಬಿಟ್ಟೆ. ವೋಚರ್ ಆಮೇಲೆ ಸಿಕ್ತಂತೆ, ಅವರ ಟೇಬಲ್ ಮೇಲೇ, ಬಿಸ್ಕತ್ ಪ್ಯಾಕೆಟ್ ಕೆಳಗೆ. ನನಗೆ ಅದರಿಂದ ಏನೂ ಉಪಯೋಗ ಆಗ್ಲಿಲ್ಲ. ಇನ್ನು ಏಳು ತಿಂಗಳು ಹಲ್ಲು ಕಚ್ಕೊಂಡು ಇದ್ದಿದ್ರೆ ಗ್ರಾಚುಯಿಟಿ, ಅಂದ್ರೆ ಐದು ವರ್ಷ ತುಂಬಿಸಿ ಬಿಟ್ಟೋರಿಗೆ ಕಂಪನಿ ಕೊಡೋ ಇಡಿಗಂಟು, ಬರ್ತಿತ್ತು, ಬೇಸಿಕ್ 18,000 ಇತ್ತು, ಲೆಕ್ಕ ಹಾಕಿದ್ರೆ 51,923 ರೂಪಾಯಿ. ಒಂದು ಮಾತಿಗೆ ಅಷ್ಟು ದುಡ್ಡು ಕೊಟ್ಟೆ. ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಅಂತ ನಮ್ಮಜ್ಜಿ ಹೇಳೋರು, ಅವರು ಪೀಣ್ಯ ನೋಡಿರ್ಲಿಲ್ಲ ಆದ್ರೂ ಸರಿಯಾಗೇ ಹೇಳಿದ್ರು.

ಈಗ ಬೇರೆ ಕಡೆ ಪೇರೋಲ್ ನೋಡ್ಕೋತೀನಿ. ಅಂದ್ರೆ ಬೇರೆಯವರು ಕೆಲಸ ಬಿಟ್ಟಾಗ ಅವರ ಕೊನೇ ಲೆಕ್ಕ ಹಾಕೋನು ನಾನೇ. ಸಿಟ್ಟಿನಲ್ಲಿ ಬಿಟ್ಟೋರ ಲೆಕ್ಕನೂ ನೋಡಿದೀನಿ, ತಾರೀಕು ನೋಡ್ಕೊಂಡು ಬಿಟ್ಟೋರ ಲೆಕ್ಕನೂ ನೋಡಿದೀನಿ. "ಬಿಡ್ಲಾ ಬೇಡ್ವಾ" ಅಂತ ತಿಂಗಳುಗಟ್ಲೆ ತಲೆ ಕೆಡಿಸ್ಕೊಳ್ಳೋರಿಗೆ ನಾನು ಕೇಳೋದು ಒಂದೇ: ಯಾವ ತಾರೀಕಿಗೆ? ಆ ತಾರೀಕು ಕಂಡುಹಿಡಿಯೋದು ಹೆಂಗೆ ಅಂತಾನೇ ಇದನ್ನ ಬರೀತಿದೀನಿ. ಪ್ರೈವೇಟ್ ಕಂಪನಿ, ಅಂಗಡಿ, ಫ್ಯಾಕ್ಟರಿ, ಗಾರ್ಮೆಂಟ್ಸ್, ಐಟಿ, ಯಾವುದಾದ್ರೂ ಆಗ್ಲಿ, ಬೆಂಗಳೂರಲ್ಲಿ ನಾನು ಕಂಡಿದ್ದು ಇಷ್ಟು.

1. ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಅಡುಗೆಮನೇಲಿ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇರುತ್ತಲ್ಲ, ಅರ್ಧ ಲೀಟರ್ರಾ ಒಂದು ಲೀಟರ್ರಾ ಅಂತ ಗೀಚಿರೋದು, ಅದೇ ಸಾಕು. ರಾತ್ರಿ ಊಟಕ್ಕೆ ಕೂರೋ ಮುಂಚೆ ಆವತ್ತಿನ ಚೌಕದಲ್ಲಿ ಒಂದೇ ಒಂದು ಅಕ್ಷರ ಬರೀರಿ. ಬಾಸಿನಿಂದ ಕಿರಿಕಿರಿ ಆದ್ರೆ ಬಾ, ಕೆಲಸವೇ ಬೇಜಾರಾದ್ರೆ ಕೆ, ಸಂಬಳದ ಚಿಂತೆ ಆದ್ರೆ ಸಂ, ಹೋಗೋದು ಬರೋದೇ ಸಾಕಾಗಿದ್ರೆ ದಾ, ಅಂದ್ರೆ ದಾರಿ. ಚೆನ್ನಾಗಿತ್ತು ಅಂದ್ರೆ ಏನೂ ಬರೀಬೇಡಿ.

ಎರಡನೇ ಕೆಲಸದಲ್ಲಿ ನಾನು ಇದನ್ನ ಮಾಡಿದ್ದೆ. ಬಾಸ್ ಸರಿ ಇಲ್ಲ ಬಾಸ್ ಸರಿ ಇಲ್ಲ ಅಂತ ಮನೇಲಿ ದಿನಾ ಹೇಳ್ತಿದ್ದೆ, ತಿಂಗಳ ಕೊನೇಲಿ ನೋಡಿದ್ರೆ ಬಾ ಇದ್ದಿದ್ದು ಮೂರೇ ದಿನ, ದಾ ಇದ್ದಿದ್ದು ಹದಿನಾಲ್ಕು ದಿನ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಬಸ್ಸಿನೊಳಗೆ ನಿಂತ್ಕೊಂಡು ಮುಕ್ಕಾಲು ಗಂಟೆ ಬೆವರು ಸುರಿಸಿ ಆಫೀಸಿಗೆ ಹೋದ್ರೆ ಯಾವ ಬಾಸ್ ಆದ್ರೂ ರಾಕ್ಷಸನ ಥರಾನೇ ಕಾಣ್ತಾನೆ. ನಾನು ಕೆಲಸ ಬಿಡ್ಲಿಲ್ಲ, ಮನೆ ಬದಲಾಯಿಸ್ದೆ. ಒಂದೂವರೆ ವರ್ಷ ಆರಾಮಾಗಿದ್ದೆ ಅಲ್ಲಿ.

ಕೆ ಅಥವಾ ಬಾ ಹದಿನೈದು ದಿನ ದಾಟಿದ್ರೆ ಮುಂದಕ್ಕೆ ಓದಿ. ಸಂ ಒಂದೇ ಜಾಸ್ತಿ ಇದ್ರೆ ಮೊದ್ಲು ಸಂಬಳ ಕೇಳಿ, ಕೇಳದೇನೇ ಬಿಟ್ಟೋರು ತುಂಬ ಜನ ಇದಾರೆ.

2. ತಾರೀಕು ನೋಡದೇನೇ ಹೊರಡಬೇಕಾದ ಜಾಗಗಳು

ಕೆಲವು ಕಡೆ ನನ್ನ ಲೆಕ್ಕಾಚಾರ ಎಲ್ಲ ಪಕ್ಕಕ್ಕಿಡಿ. ಎರಡು ತಿಂಗಳಿಂದ ಸಂಬಳ ಇಲ್ಲ, ಕೇಳಿದ್ರೆ "ಪೇಮೆಂಟ್ ಬರ್ಬೇಕು" ಅಂತಾರೆ ಅಂದ್ರೆ ಆ ಹಡಗು ಮುಳುಗ್ತಿದೆ. ಸ್ಲಿಪ್ಪಿನಲ್ಲಿ ಪಿಎಫ್ ಹಿಡೀತಾರೆ, ಪಾಸ್ ಬುಕ್ಕಿನಲ್ಲಿ ಬೀಳ್ತಿಲ್ಲ ಅಂದ್ರೆ ಅದೂ ಅಷ್ಟೇ. ಸುಳ್ಳು ಬಿಲ್ಲಿಗೆ ನಿಮ್ಮ ಸೈನು ಕೇಳಿದ್ರೆ, ಸೇಫ್ಟಿ ಗಾರ್ಡ್ ಇಲ್ಲದ ಮಷೀನಿಗೆ ಕೈ ಹಾಕಿ ಅಂದ್ರೆ, ಹೊರಡಿ.

ಲೈಂಗಿಕ ಕಿರುಕುಳ ಆದ್ರೆ ಬಿಡೋ ಮುಂಚೆ ದೂರು ಬರೆದುಕೊಡಿ. 2013ರ ಕಾನೂನಿನ ಪ್ರಕಾರ ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಆಂತರಿಕ ಸಮಿತಿ ಇರ್ಲೇಬೇಕು, ದೂರಿಗೆ ಮೂರು ತಿಂಗಳ ಗಡುವಿದೆ. ಬಿಟ್ಟ ಮೇಲೂ ಕೊಡಬಹುದು, ಆದ್ರೆ ಗಡುವು ನಿಲ್ಲಲ್ಲ, ಓಡ್ತಾನೇ ಇರುತ್ತೆ.

ಇನ್ನೊಂದು. ಭಾನುವಾರ ಸಾಯಂಕಾಲ ಆಯ್ತು ಅಂದ್ರೆ ಎದೆ ಡವಡವ, ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗಾಟ, ಇದು ವಾರಗಟ್ಲೆ ಇದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಇದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. "ನಂಗೇನು ಹುಚ್ಚಾ" ಅಂತ ಸುಮ್ನಿದ್ದು ಬಿಪಿ ಮಾತ್ರೆಗೆ ಬಂದು ನಿಂತೋರನ್ನ ನೋಡಿದೀನಿ.

3. ದುಡ್ಡಿನ ಲೆಕ್ಕ, ಸುಳ್ಳು ಹೇಳ್ಕೊಳ್ಳದೆ

"ಆರು ತಿಂಗಳ ಖರ್ಚು ಕೈಲಿರ್ಲಿ" ಅಂತ ಎಲ್ಲರೂ ಹೇಳ್ತಾರೆ, ಆರು ತಿಂಗಳ ಖರ್ಚು ಅಂದ್ರೆ ಎಷ್ಟು ಅಂತ ಮಾತ್ರ ಯಾರೂ ಕೂಡಿಸಿರಲ್ಲ. ಬಾಡಿಗೆ, ಇಎಂಐ, ಸ್ಕೂಲ್ ಫೀಸು, ಗ್ಯಾಸು, ರೇಷನ್ನು ಇವೆಲ್ಲ ಬರೀತೀವಿ. ಮರೆಯೋದು ಯಾವುದು ಅಂದ್ರೆ ಚೀಟಿ. ಇಪ್ಪತ್ತು ತಿಂಗಳ ಚೀಟಿ ಎತ್ತಿ ಖರ್ಚು ಮಾಡಾಗಿದೆ, ಇನ್ನೂ ಒಂಬತ್ತು ಕಂತು ಕಟ್ಬೇಕು, ಅದು ಯಾವ ಲಿಸ್ಟಿನಲ್ಲೂ ಇರಲ್ಲ. ಊರಿಗೆ ಕಳಿಸೋ ದುಡ್ಡು, ಅಡವಿಟ್ಟ ಒಡವೆ ಬಡ್ಡಿ, ಮದುವೆ ಗೃಹಪ್ರವೇಶದ ಮುಯ್ಯಿ, ಇವನ್ನೂ ಸೇರಿಸಿ.

ಆಮೇಲೆ ಆರೋಗ್ಯದ ಇನ್ಶೂರೆನ್ಸು. ಕಂಪನಿ ಕೊಟ್ಟಿರೋ ಪಾಲಿಸಿ ಸಾಮಾನ್ಯವಾಗಿ ಕೊನೇ ಕೆಲಸದ ದಿನಕ್ಕೇ ಮುಗಿಯುತ್ತೆ. ಅಪ್ಪ ಅಮ್ಮ ಅದರಲ್ಲಿದ್ರೆ ರಾಜೀನಾಮೆ ಕೊಡೋ ಮುಂಚೇನೇ ಬೇರೆ ಪಾಲಿಸಿ ಮಾಡಿ, ಯಾಕಂದ್ರೆ ಹೊಸ ಪಾಲಿಸಿಲಿ ಈಗಾಗಲೇ ಇರೋ ಕಾಯಿಲೆಗಳಿಗೆ ಕಾಯೋ ಅವಧಿ ಅಂತ ಇರುತ್ತೆ. ಸಂಬಳ 21,000ದ ಒಳಗಿದ್ದು ಇಎಸ್ಐ, ಅಂದ್ರೆ ಸರ್ಕಾರದ ಕಾರ್ಮಿಕ ವಿಮೆ, ಇರೋರಿಗೆ ಸ್ವಲ್ಪ ಸಮಾಧಾನ, ಆರಾರು ತಿಂಗಳ ಲೆಕ್ಕದಲ್ಲಿ ನಡೆಯೋದು ಅದು, ಕಟ್ಟಿದ ಅವಧಿಯ ಸೌಲಭ್ಯ ಆಮೇಲಿನ ಅವಧಿಗೆ ಸಿಗುತ್ತೆ, ಹಾಗಾಗಿ ಬಿಟ್ಟ ಮರುದಿನವೇ ಕಾರ್ಡ್ ಬಿಸಾಕಬೇಡಿ, ಡಿಸ್ಪೆನ್ಸರಿಲಿ ಎಲ್ಲಿ ತನಕ ನಡೆಯುತ್ತೆ ಅಂತ ಕೇಳಿ.

4. ತಾರೀಕು ಹುಡುಕೋದು

ಗ್ರಾಚುಯಿಟಿ ಮೊದಲು. 1972ರ ಕಾಯ್ದೆಯಿಂದ ನಡೆದು ಬಂದಿರೋ ಲೆಕ್ಕ ಇದು: ಕೊನೇ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, ಅದನ್ನ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಎಷ್ಟು ವರ್ಷ ಅಂತ ಗುಣಿಸಿ. ಐದು ವರ್ಷ ತುಂಬಿರ್ಬೇಕು. ತುಂಬಿದ ಮೇಲೆ ಕೊನೇ ವರ್ಷದಲ್ಲಿ ಆರು ತಿಂಗಳು ದಾಟಿದ್ರೆ ಪೂರ್ತಿ ವರ್ಷ ಅಂತ ಹಿಡೀತಾರೆ, ಅಂದ್ರೆ ಐದು ವರ್ಷ ಏಳು ತಿಂಗಳಿಗೆ ಆರು ವರ್ಷದ ದುಡ್ಡು. ಐದು ವರ್ಷ ಐದು ತಿಂಗಳಲ್ಲಿ ಬಿಡೋನು ಇನ್ನೊಂದೆರಡು ತಿಂಗಳು ಇದ್ರೆ ಒಂದು ವರ್ಷದ್ದು ಜಾಸ್ತಿ ಸಿಗುತ್ತೆ, ಅದಕ್ಕೇ ತಾರೀಕು ತಾರೀಕು ಅಂತ ಬಡ್ಕೊಳ್ಳೋದು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅದರಲ್ಲಿ ನಿಗದಿತ ಅವಧಿಯ ಕಾಂಟ್ರಾಕ್ಟ್ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚುಯಿಟಿ ಅಂತ ಇದೆ, ನಿಮ್ಮ ಲೆಟರ್ರಿನಲ್ಲಿ ಏನು ಬರೆದಿದೆ ಒಮ್ಮೆ ತೆಗೆದು ನೋಡಿ.

ಪಿಎಫ್ ವಿಷಯಕ್ಕೆ ಬಂದ್ರೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಕಳನ್ನ ನೆನೆಸ್ಕೊಳ್ಳದೆ ಮುಂದೆ ಹೋಗೋಕಾಗಲ್ಲ. 2016ರ ಏಪ್ರಿಲ್ 18 ಮತ್ತು 19, ಹೊಸೂರು ರೋಡ್, ಬೊಮ್ಮನಹಳ್ಳಿ, ಪೀಣ್ಯ, ಸಾವಿರಾರು ಜನ ಫ್ಯಾಕ್ಟರಿ ಬಿಟ್ಟು ರಸ್ತೆಗೆ ಬಂದು ಕೂತ್ರು. ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ರೂಲ್ಸ್ ಮಾಡಿತ್ತು. ದೊಡ್ಡ ಯೂನಿಯನ್ನು ಕರೆ ಕೊಟ್ಟು ಆಗಿದ್ದಲ್ಲ ಅದು, ಅವರವರೇ ಎದ್ದು ಬಂದಿದ್ದು, ಎರಡನೇ ದಿನಕ್ಕೆ ಸರ್ಕಾರ ರೂಲ್ಸ್ ವಾಪಸ್ ತಗೊಳ್ತು. ಅವರಿಗೆ ಅಷ್ಟು ಸಿಟ್ಟು ಬರೋಕೆ ಕಾರಣ ಇತ್ತು. ಸಂಬಳದಲ್ಲಿ ಒಂದು ಪೈಸೆ ಉಳಿಯಲ್ಲ, ಮಗಳ ಫೀಸಿಗೋ ಆಸ್ಪತ್ರೆಗೋ ದೊಡ್ಡ ದುಡ್ಡು ಬೇಕಾದ್ರೆ ಇರೋದು ಪಿಎಫ್ ಒಂದೇ, ಅದನ್ನ ಪೂರ್ತಿ ತೆಗೆಯೋಕೆ ಕೆಲಸ ಬಿಡ್ಬೇಕು. ಹಾಗಾಗಿ ಎಷ್ಟೋ ಜನ ಮೂರು ನಾಲ್ಕು ವರ್ಷಕ್ಕೆ ಕೆಲಸ ಬಿಟ್ಟು ಪಿಎಫ್ ತಗೊಂಡು ಪಕ್ಕದ ಫ್ಯಾಕ್ಟರಿ ಸೇರ್ತಾರೆ, ಗ್ರಾಚುಯಿಟಿ ಹೋಗುತ್ತೆ, ಸೀನಿಯಾರಿಟಿ ಹೋಗುತ್ತೆ, ಸಂಬಳ ಮತ್ತೆ ಹೊಸಬರ ಲೆವೆಲ್ಲಿಂದ ಶುರು. ಅವರಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೆ ಮನೆ, ಮದುವೆ, ಚಿಕಿತ್ಸೆ ಇಂಥದ್ದಕ್ಕೆ ಕೆಲಸದಲ್ಲಿ ಇದ್ಕೊಂಡೇ ಪಿಎಫ್ ಅಡ್ವಾನ್ಸ್ ತೆಗೀಬಹುದು, ಇದು ಗೊತ್ತಿಲ್ದೇ ರಾಜೀನಾಮೆ ಕೊಟ್ಟೋರು ಇದಾರೆ, ಅದು ಮಾತ್ರ ಹೊಟ್ಟೆ ಉರಿಸುತ್ತೆ.

ಬಿಟ್ಟ ಮೇಲೆ ಆದಷ್ಟೂ ಪಿಎಫ್ ತೆಗೀಬೇಡಿ, ಹೊಸ ಕಂಪನಿಗೆ ಟ್ರಾನ್ಸ್ಫರ್ ಮಾಡ್ಸಿ. ಒಟ್ಟು ಸರ್ವಿಸ್ ಐದು ವರ್ಷ ಆಗೋ ಮುಂಚೆ ತೆಗೆದ್ರೆ ಟ್ಯಾಕ್ಸ್ ಲೆಕ್ಕಕ್ಕೆ ಬರುತ್ತೆ, ಪೆನ್ಷನ್ನಿಗೆ ಹತ್ತು ವರ್ಷದ ಸರ್ವಿಸ್ ಬೇಕು, ಟ್ರಾನ್ಸ್ಫರ್ ಮಾಡಿದ್ರೆ ಹಳೇ ವರ್ಷಗಳೂ ಸೇರುತ್ತೆ. ಕೆಲಸ ಇಲ್ದಾಗ ಪೂರ್ತಿ ತೆಗೆಯೋಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯ್ಬೇಕು, 75 ಪರ್ಸೆಂಟ್ ತಕ್ಷಣ ತೆಗೀಬಹುದು ಅಂತ 2025ರ ಅಕ್ಟೋಬರ್ ನಲ್ಲಿ ಪಿಎಫ್ ಮಂಡಳಿ ತೀರ್ಮಾನ ಮಾಡ್ತು, ಹಾಗಾಗಿ "ಎರಡು ತಿಂಗಳಲ್ಲಿ ಅಷ್ಟೂ ಬರುತ್ತೆ" ಅಂತ ನಂಬ್ಕೊಂಡು ಸಾಲದವರಿಗೆ ಮಾತು ಕೊಡಬೇಡಿ.

ಮಿಕ್ಕಿದ್ದು ಬೇಗ ಹೇಳ್ತೀನಿ. ಬೋನಸ್ಸು: ಸಂಬಳ 21,000ದ ಒಳಗಿರೋರಿಗೆ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ್ರೂ ಕನಿಷ್ಠ 8.33 ಪರ್ಸೆಂಟ್ ಬೋನಸ್ ಅಂತ ಕಾನೂನಿನ ಲೆಕ್ಕ ಇತ್ತು, ನಡುವೆ ಬಿಟ್ರೂ ಅಷ್ಟು ದಿನದ್ದು ಕೊಡ್ಬೇಕು, "ದೀಪಾವಳಿಗೆ ಇಲ್ದೋರಿಗೆ ಇಲ್ಲ" ಅನ್ನೋದು ಕಂಪನಿಯವರ ರೂಲ್ಸು. ಐಟಿಯವರ ವೇರಿಯಬಲ್ ಪೇ ಕಥೆ ಬೇರೆ, ದುಡ್ಡು ಬೀಳೋ ದಿನ ರೋಲ್ಸಿನಲ್ಲಿ ಇರ್ಬೇಕು, ನೋಟೀಸಿನಲ್ಲೂ ಇರ್ಬಾರದು ಅಂತೆಲ್ಲ ಕಂಡೀಷನ್ ಇರುತ್ತೆ, ಓದ್ಕೊಳ್ಳಿ. ಜಾಯಿನಿಂಗ್ ಬೋನಸ್ ತಗೊಂಡಿದ್ರೆ ಒಂದು ವರ್ಷದೊಳಗೆ ಬಿಟ್ರೆ ವಾಪಸ್ ಅಂತಿರುತ್ತೆ. ಗರ್ಭಿಣಿ ಆಗಿದ್ರೆ, ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ, ಯಾರೇ ಒತ್ತಾಯ ಮಾಡಿದ್ರೂ ಅದಕ್ಕೆ ಮುಂಚೆ ರಾಜೀನಾಮೆಗೆ ಸೈನ್ ಹಾಕ್ಬೇಡಿ.

ಇಷ್ಟೂ ತಾರೀಕು ಅದೇ ಹಾಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ರೆ ನಿಮ್ಮ ತಾರೀಕು ತಾನಾಗೇ ಕಾಣುತ್ತೆ. ಒಂದು ತಾರೀಕು ಸಿಕ್ಕಿದ ಮೇಲೆ ಅದೇ ಆಫೀಸು ಅದೇ ಬಾಸು ಅರ್ಧ ಹಗುರ ಆಗ್ತಾರೆ, ಇದು ನನ್ನ ಸ್ವಂತ ಅನುಭವ. "ಇನ್ನು ನಲವತ್ತೊಂದು ದಿನ ಕಣಪ್ಪ" ಅಂತ ಮನಸ್ಸಲ್ಲೇ ಅಂದ್ಕೊಂಡು ಬೈಗುಳ ಕೇಳಿಸ್ಕೋಬಹುದು.

5. ಬಾಯಿ ಬಿಡೋ ಮುಂಚೆ ಕಾಗದ

ರಾಜೀನಾಮೆ ಮೇಲ್ ಹೋದ ಹತ್ತೇ ನಿಮಿಷಕ್ಕೆ ಲಾಗಿನ್ ಕಟ್ ಮಾಡೋ ಕಂಪನಿಗಳಿದಾವೆ. ಹಾಗಾಗಿ ಮುಂಚೆನೇ ಆಫರ್ ಲೆಟರ್, ಅಪಾಯಿಂಟ್ಮೆಂಟ್ ಲೆಟರ್, ಇಂಕ್ರಿಮೆಂಟ್ ಲೆಟರ್ಗಳು, ಎಲ್ಲಾ ಸ್ಯಾಲರಿ ಸ್ಲಿಪ್, ಫಾರ್ಮ್ 16, ರಜೆ ಎಷ್ಟು ಬಾಕಿ ಇದೆ ಅನ್ನೋದರ ಸ್ಕ್ರೀನ್ ಶಾಟ್, ಇವೆಲ್ಲ ನಿಮ್ಮ ಸ್ವಂತ ಮೇಲಿಗೆ ಕಳಿಸ್ಕೊಳ್ಳಿ. ಕಂಪನಿಯ ಕ್ಲೈಂಟ್ ಲಿಸ್ಟು, ಡ್ರಾಯಿಂಗು, ಕೋಡು ಇಂಥದ್ದು ಒಂದನ್ನೂ ಮುಟ್ಟಬೇಡಿ, ಅದೇ ನೆಪ ಆಗುತ್ತೆ ಅವರಿಗೆ.

ಯುಎಎನ್, ಅಂದ್ರೆ ನಿಮ್ಮ ಪಿಎಫ್ ನಂಬರು, ಈಗಿನ ಮೊಬೈಲ್ ನಂಬರಿಗೆ ಲಿಂಕ್ ಆಗಿದೆಯಾ ನೋಡಿ. ಆಧಾರಿನಲ್ಲಿ ಒಂದು ಹೆಸರು ಪಿಎಫ್ನಲ್ಲಿ ಒಂದು ಹೆಸರು, ಒಂದು ಇನಿಷಿಯಲ್ ವ್ಯತ್ಯಾಸಕ್ಕೆ ಕ್ಲೇಮ್ ರಿಜೆಕ್ಟ್ ಆಗಿದ್ದು ದಿನಾ ನೋಡ್ತೀನಿ. ಕಂಪನಿಲಿ ಇರುವಾಗ ಎಚ್ಆರ್ ಹತ್ರ ಹೋಗಿ "ಸ್ವಲ್ಪ ಸರಿ ಮಾಡ್ಸಿ ಮೇಡಂ" ಅಂದ್ರೆ ಆಗೋ ಕೆಲಸ, ಬಿಟ್ಟ ಮೇಲೆ ಆರು ತಿಂಗಳು ಎಳೆಯುತ್ತೆ.

6. ನೋಟೀಸು, ಬಾಂಡು, ಬೆದರಿಕೆ

ಎಷ್ಟು ದಿನದ ನೋಟೀಸು ಅನ್ನೋದು ನಿಮ್ಮ ಅಪಾಯಿಂಟ್ಮೆಂಟ್ ಲೆಟರ್ರಿನಲ್ಲಿದೆ. ಬದಲಿಗೆ ದುಡ್ಡು ಕಟ್ಟಿ ಬೇಗ ಹೋಗ್ಬಹುದಾ, ಬೇಸಿಕ್ ಮೇಲಾ ಪೂರ್ತಿ ಸಂಬಳದ ಮೇಲಾ, ಅದೂ ಅಲ್ಲೇ ಇದೆ. ನೋಟೀಸ್ ದುಡ್ಡಿನ ಮೇಲೆ ಜಿಎಸ್ಟಿ ಹಾಕಿದ್ರೆ ಒಪ್ಪಬೇಡಿ, ಅದಕ್ಕೆ ಜಿಎಸ್ಟಿ ಇಲ್ಲ ಅಂತ 2022ರ ಆಗಸ್ಟ್ ನಲ್ಲೇ ಸುತ್ತೋಲೆ ಬಂದಿದೆ.

ಬಾಂಡ್, ಅಂದ್ರೆ ಇಷ್ಟು ವರ್ಷ ಇರ್ತೀನಿ ಇಲ್ಲಾಂದ್ರೆ ದುಡ್ಡು ಕಟ್ತೀನಿ ಅಂತ ಬರೆಸ್ಕೊಳ್ಳೋ ಕರಾರು, ಅದರ ಬಗ್ಗೆ ಎರಡು ಥರದ ಸುಳ್ಳು ಓಡಾಡ್ತಿದೆ. ಎಚ್ಆರ್ ಹೇಳೋದು "ಬಾಂಡ್ ಮುರಿದ್ರೆ ಜೈಲು", ಫ್ರೆಂಡ್ಸ್ ಹೇಳೋದು "ಬಾಂಡ್ ಎಲ್ಲ ಚಲಾವಣೆ ಇಲ್ಲ, ಹರಿದು ಬಿಸಾಕು". ಎರಡೂ ತಪ್ಪು. ನಮ್ಮ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದೇ ಕೇಸಿದೆ: ಮೂರು ವರ್ಷ ಇರ್ಬೇಕು ಇಲ್ಲಾಂದ್ರೆ 2 ಲಕ್ಷ ಅಂತ ಒಪ್ಪಂದ, ಒಬ್ಬ ಅಧಿಕಾರಿ ನಡುವೆ ಬಿಟ್ರು, ದುಡ್ಡು ಕಟ್ಟಿ ಕೋರ್ಟಿಗೆ ಹೋದ್ರು, ಕರ್ನಾಟಕ ಹೈಕೋರ್ಟ್ ಅವರ ಪರ ಹೇಳ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಡ್ತು. ಅಂದ್ರೆ ನ್ಯಾಯವಾದ ಮೊತ್ತದ ಬಾಂಡ್ ನಿಲ್ಲಬಹುದು. ಆದ್ರೆ ಅದು ದುಡ್ಡಿನ ವ್ಯವಹಾರ, ಜೈಲಿನದ್ದಲ್ಲ, ಮತ್ತೆ 1872ರ ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಬಾಯಿಗೆ ಬಂದಷ್ಟು ಮೊತ್ತ ಬರೆದ್ರೂ ಕೋರ್ಟ್ ಒಪ್ಪೋದು ಸಮಂಜಸವಾದಷ್ಟೇ. ಬಿಟ್ಟ ಮೇಲೆ ಎರಡು ವರ್ಷ ಕಾಂಪಿಟೀಟರ್ ಹತ್ರ ಸೇರೋ ಹಾಗಿಲ್ಲ ಅನ್ನೋ ಸಾಲು ಇದ್ರೆ ಅದು 27ನೇ ಸೆಕ್ಷನ್ನಲ್ಲಿ ನಿಲ್ಲಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಂಡಿದ್ರೆ "ಪಾಸ್ಪೋರ್ಟ್ ಮಾಡಿಸ್ಬೇಕು" ಅಂತ ಹೇಳಿ ಮೊದ್ಲು ಅದನ್ನ ಈಚೆ ತಗೊಳ್ಳಿ, ಆಮೇಲೆ ರಾಜೀನಾಮೆ ಮಾತು. ಸುಳ್ಳು ಹೇಳಿಕೊಡ್ತಿದಾನೆ ಅಂತ ಬೈಬೇಡಿ, ಅವರು ಇಟ್ಕೊಂಡಿದ್ದೇ ತಪ್ಪು.

7. ಪತ್ರ ಮೂರು ಸಾಲು

"ನಾನು ಇಂದು ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ ನನ್ನ ಕೊನೆಯ ಕೆಲಸದ ದಿನ ಇಂಥ ತಾರೀಕು. ದಯವಿಟ್ಟು ಸ್ವೀಕೃತಿ ನೀಡಿ, ಬಾಕಿ ಲೆಕ್ಕ ಮತ್ತು ರಿಲೀವಿಂಗ್ ಲೆಟರ್ ಕೊಡಿಸಬೇಕಾಗಿ ವಿನಂತಿ." ಇಷ್ಟೇ. ನಿಮ್ಮ ಆಫೀಸಿನಲ್ಲಿ ಯಾವ ಭಾಷೆ ನಡೆಯುತ್ತೋ ಅದರಲ್ಲಿ ಬರೀರಿ. ಅಪ್ರೈಸಲ್ ಅನ್ಯಾಯ, ಟೀಮ್ ರಾಜಕೀಯ, ನಾಲ್ಕು ವರ್ಷದ ಸಂಕಟ ಎಲ್ಲ ಬೇರೆ ಕಾಗದದಲ್ಲಿ ಬರೆದು ಮನೇಲೇ ಇಟ್ಕೊಳ್ಳಿ. ನಮ್ಮ ಫೈಲಿನಲ್ಲಿ ಏಳು ಪುಟದ ಒಂದು ರಾಜೀನಾಮೆ ಇದೆ, ಬರೆದವರ ನೋವು ನಿಜವೇ, ಆದ್ರೆ ಅದನ್ನ ಊಟದ ಹೊತ್ತಲ್ಲಿ ಎಲ್ಲರೂ ಓದಿ ನಕ್ಕಿದ್ದು ನೋಡಿದ ಮೇಲೆ ನಾನು ಎಲ್ಲರಿಗೂ ಮೂರು ಸಾಲು ಅಂತಾನೇ ಹೇಳೋದು. ಸಂಬಳ ಅಕೌಂಟಿಗೆ ಬಿದ್ದ ಮಾರನೇ ದಿನ ಕಳಿಸಿ, ನಿಮ್ಮ ಸ್ವಂತ ಮೇಲನ್ನ ಕಾಪಿಲಿ ಹಾಕಿ. ಕೈಲಿ ಕೊಟ್ರೆ ಜೆರಾಕ್ಸ್ ಮೇಲೆ ಸೀಲು, ಸೈನು, ತಾರೀಕು ಹಾಕಿಸ್ಕೊಳ್ಳಿ.

ಆಮೇಲೆ ಡ್ರಾಮಾ ಶುರು. ಇಷ್ಟು ದಿನ ಹೆಸರು ಸರಿಯಾಗಿ ಕರೀದೇ ಇದ್ದೋರು ಕಾಫಿಗೆ ಕರೀತಾರೆ, "ನಾವೆಲ್ಲ ಒಂದು ಫ್ಯಾಮಿಲಿ ಇದ್ದಂಗೆ ಅಲ್ವೇನಪ್ಪ" ಅಂತಾರೆ, ಸಂಬಳ ಜಾಸ್ತಿ ಮಾಡೋಣ ಅಂತಾರೆ. ನಿಮ್ಮ ಕ್ಯಾಲೆಂಡರಿನಲ್ಲಿ ಸಂ ಜಾಸ್ತಿ ಇತ್ತು ಅಂದ್ರೆ ಬರವಣಿಗೇಲಿ ಕೊಡಿ ಅಂತ ಕೇಳಿ ಯೋಚನೆ ಮಾಡಿ. ಬಾ ಜಾಸ್ತಿ ಇತ್ತು ಅಂದ್ರೆ ಕಾಫಿ ಕುಡಿದು ಎದ್ದು ಬನ್ನಿ.

ಮನೇಲಿ ಹೇಳೋದು ಇದಕ್ಕಿಂತ ಕಷ್ಟ. ನಮ್ಮಮ್ಮ ಮೊದಲು ಕೇಳಿದ್ದು "ಅವರೇನಾದ್ರೂ ತೆಗೆದ್ರೇನೋ?" ಅಂತ. ಎರಡನೇ ಸಲ ಬಿಡುವಾಗ ಚೀಟಿ ಸಮೇತ ಲೆಕ್ಕ ಬರೆದ ಹಾಳೆ ಮುಂದಿಟ್ಟೆ, ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ "ಇದರಲ್ಲಿ ನನ್ನ ಶುಗರ್ ಮಾತ್ರೆ ಬರೆದೇ ಇಲ್ವಲ್ಲ" ಅಂದ್ರು, ಅಷ್ಟೇ. ನೆಂಟರಿಗೆ ಹೊಸ ಕೆಲಸ ಸೇರಿ ಮೊದಲ ಸಂಬಳ ಬಂದ ಮೇಲೆ ಹೇಳಿದ್ರೆ ಸಾಕು.

8. ಬಿಟ್ಟ ಮೇಲೆ

ಕೊನೇ ದಿನ ಐಡಿ ಕಾರ್ಡು, ಲ್ಯಾಪ್ಟಾಪು ವಾಪಸ್ ಕೊಟ್ಟಿದ್ದಕ್ಕೆ ರಸೀದಿ ತಗೊಳ್ಳಿ. ಹೊಸ ವೇತನ ಸಂಹಿತೇಲಿ ರಾಜೀನಾಮೆ ಕೊಟ್ಟೋರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡ್ಬೇಕು ಅಂತಿದೆ. ಪೇರೋಲಿನವನಾಗಿ ಹೇಳ್ತೀನಿ, ತುಂಬ ಕಡೆ ಇನ್ನೂ ಹಳೇ ಅಭ್ಯಾಸದಲ್ಲೇ 45 ದಿನ ಅಂತ ಎಳೀತಾರೆ, ನೀವು ಮೇಲಿನಲ್ಲಿ ಈ ಎರಡು ದಿನದ ವಿಷಯ ಬರೆದ್ರೆ ಫೈಲು ಸ್ವಲ್ಪ ಬೇಗ ಮೇಲಕ್ಕೆ ಬರುತ್ತೆ. ಗ್ರಾಚುಯಿಟಿಗೆ ನೀವು ಬೇರೆ ಅರ್ಜಿ ಕೊಡ್ಬೇಕು, ಕಂಪನಿ ಮೂವತ್ತು ದಿನದೊಳಗೆ ದುಡ್ಡು ಕೊಡ್ಬೇಕು, ತಡ ಆದ್ರೆ ಬಡ್ಡಿ ಸಮೇತ. ಕೊಡ್ಲಿಲ್ಲ ಅಂದ್ರೆ ಕಾರ್ಮಿಕ ಇಲಾಖೆಗೆ ಹೋಗಿ, ಬೆಂಗಳೂರಲ್ಲಾದ್ರೆ ಬನ್ನೇರುಘಟ್ಟ ರಸ್ತೆ ಡೇರಿ ಸರ್ಕಲ್ ಹತ್ರ ಕಾರ್ಮಿಕ ಭವನ, ಸಹಾಯವಾಣಿ 155214. ಮೊದಲು ಕಂಪನಿಗೆ ಮೇಲ್ ಹಾಕಿ, ಹದಿನೈದು ದಿನ ಕಾದು, ಆ ಇಮೇಲಿನ ಪ್ರಿಂಟ್ ಹಿಡ್ಕೊಂಡು ಹೋದ್ರೆ ಅಲ್ಲಿ ಮಾತು ಬೇಗ ಮುಗಿಯುತ್ತೆ.

ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್ಗೆ ಲಾಗಿನ್ ಆಗಿ ಕೆಲಸ ಬಿಟ್ಟ ತಾರೀಕು ಬಿದ್ದಿದೆಯಾ ನೋಡಿ. ಬಿದ್ದಿಲ್ಲ ಅಂದ್ರೆ ಹಳೇ ಕಂಪನಿಗೆ ಫೋನ್ ಮಾಡಿ ಗೋಗರೆಯೋದು ಬೇಡ, ಕೊನೇ ಕಂತು ಬಿದ್ದು ಎರಡು ತಿಂಗಳಾಗಿದ್ರೆ ಆಧಾರ್ ಒಟಿಪಿ ಹಾಕಿ ನೀವೇ ತುಂಬ್ಬಹುದು, ಮ್ಯಾನೇಜ್ ಅನ್ನೋ ಮೆನುವಿನಲ್ಲಿ ಮಾರ್ಕ್ ಎಕ್ಸಿಟ್ ಅಂತಿರುತ್ತೆ. ತಾರೀಕು ಒಂದ್ಸಲ ಹಾಕಿದ್ರೆ ಬದಲಾಯಿಸೋದು ತಲೆನೋವು, ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಕೊಂಡು ಅದರಲ್ಲಿರೋದನ್ನೇ ಹಾಕಿ. ಪೀಣ್ಯದ್ದು ನಾನು ಮೂರು ವರ್ಷ ನೋಡೇ ಇರ್ಲಿಲ್ಲ, ಆ ರೆಕಾರ್ಡಿನಲ್ಲಿ ನಾನಿನ್ನೂ ಅಲ್ಲೇ ಅಕೌಂಟ್ಸ್ ಬರೀತಾ ಕೂತಿದ್ದೆ.